ಕಡಿಮೆ ದುಡ್ಡಿನಲ್ಲಿ ಜೋಂಬಿ ಸಿನಿಮಾ: ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆ ಶೂಟ್ ಮಾಡುವವರಿಗೆ ಹಂತ ಹಂತದ ಮಾರ್ಗದರ್ಶಿ

ನಮ್ಮ ಕಡೆ ಜೋಂಬಿ ಸಿನಿಮಾ ಶುರು ಮಾಡುವ ತಂಡಗಳು ಹೆಚ್ಚಾಗಿ ಒಂದೇ ಜಾಗದಲ್ಲಿ ಸಿಕ್ಕಿಬೀಳುತ್ತವೆ. ಮೊದಲು ಮೇಕಪ್ ಟೆಸ್ಟ್ ಆಗುತ್ತದೆ, ಆ ಫೋಟೋ ಸ್ಟೇಟಸ್‌ಗೆ ಹೋಗುತ್ತದೆ, ಎಲ್ಲರೂ ಸೂಪರ್ ಅಂತಾರೆ, ಆ ಹುಮ್ಮಸ್ಸಿನಲ್ಲೇ ಹಾಸ್ಟೆಲ್ ಗೆಳೆಯರನ್ನೆಲ್ಲ ಕರೆದು ಗುಂಪಾಗಿ ಓಡುವ ದೃಶ್ಯ ತೆಗೆಯುತ್ತಾರೆ. ಆಮೇಲೆ ಬದುಕಿರುವ ಮನುಷ್ಯರು ಕೂತು ಮಾತಾಡುವ ದೃಶ್ಯ ಬರುತ್ತದೆ. ಅವರು ಏನು ಮಾತಾಡಬೇಕು ಅಂತ ಯಾರಿಗೂ ಗೊತ್ತಿರುವುದಿಲ್ಲ. ಅಲ್ಲಿಗೆ ಫುಟೇಜ್ ಹಾರ್ಡ್ ಡಿಸ್ಕ್ ಸೇರುತ್ತದೆ.

ತಪ್ಪಾಗಿರುವುದು ಕೆಲಸದ ಕ್ರಮ. ಕೆಳಗಿನ ಹಂತಗಳಲ್ಲಿ ಮೇಕಪ್ ಬಹಳ ತಡವಾಗಿ ಬರುತ್ತದೆ, ಅದು ಬೇಕಂತಲೇ. 20-25 ನಿಮಿಷದ ಚಿತ್ರ, ನಾಲ್ಕು ಪಾತ್ರ, ಒಂದು ಮನೆ ಅಂತ ಇಟ್ಟುಕೊಂಡು ಹೇಳುತ್ತೇನೆ. ಒಂದೂವರೆ ಗಂಟೆಯ ಸಿನಿಮಾ ಮಾಡುತ್ತೀರಾದರೂ ಕ್ರಮ ಇದೇ, ಆದರೆ ಮೊದಲ ಸಲವೇ ಅದಕ್ಕೆ ಕೈ ಹಾಕಬೇಡಿ.

## ಬೇಕಾಗುವ ಸಾಮಾನು

ಒಂದು ಒಳ್ಳೆಯ ಫೋನ್ ಅಥವಾ ಬಾಡಿಗೆ ಕ್ಯಾಮೆರಾ, ಟ್ರೈಪಾಡ್, ಎರಡು ಕಾಲರ್ ಮೈಕ್, ಒಂದು ಆಡಿಯೋ ರೆಕಾರ್ಡರ್ (ಇಲ್ಲದಿದ್ದರೆ ಇನ್ನೊಂದು ಫೋನ್), ಎರಡು-ಮೂರು ಎಲ್‌ಇಡಿ ಲೈಟು, ಉದ್ದನೆಯ ಎಕ್ಸ್‌ಟೆನ್ಷನ್ ಬೋರ್ಡ್, ಪವರ್ ಬ್ಯಾಂಕ್, ಎರಡು ಹಾರ್ಡ್ ಡಿಸ್ಕ್, ಗಟ್ಟಿ ಕೌದಿಗಳು. ಕೌದಿ ಯಾಕೆ ಅಂತ ಧ್ವನಿಯ ಹಂತದಲ್ಲಿ ಹೇಳುತ್ತೇನೆ. ದುಡ್ಡು ಕಡಿಮೆ ಇದ್ದರೆ ಕ್ಯಾಮೆರಾದಲ್ಲಿ ಉಳಿಸಿ, ಮೈಕಿನಲ್ಲಿ ಉಳಿಸಬೇಡಿ. ಚಿತ್ರ ಸ್ವಲ್ಪ ಮಂಕಾಗಿದ್ದರೆ ಜನ ನೋಡುತ್ತಾರೆ. ಮಾತು ಕೇಳದಿದ್ದರೆ ಎದ್ದು ಹೋಗುತ್ತಾರೆ.

## ಹಂತ 1: ಜೋಂಬಿ ಇಲ್ಲದೆ ಕತೆ ಬರೆಯಿರಿ

ಒಂದು ಮನೆಯಲ್ಲಿ ಸಿಕ್ಕಿಕೊಂಡ ನಾಲ್ಕು ಜನ. ಅವರ ನಡುವೆ ಹಳೆಯದೊಂದು ಲೆಕ್ಕ ಬಾಕಿ ಇರಬೇಕು. ಇಷ್ಟು ಇಲ್ಲದಿದ್ದರೆ ಮುಂದೆ ಹೋಗಬೇಡಿ.

ಉದಾಹರಣೆಗೆ ಇದನ್ನು ತೆಗೆದುಕೊಳ್ಳಿ. ಗದಗ ಕಡೆಯ ಒಂದು ಹೊಲದ ಮನೆ. ಅಣ್ಣ, ವೈನಿ, ಬೆಂಗಳೂರಿನಿಂದ ಪಾಲು ಕೇಳಲು ಬಂದ ತಮ್ಮ, ವಯಸ್ಸಾದ ಅವ್ವ. ಹೊಲದ ಕಾಗದಕ್ಕೆ ಅವ್ವನ ಹೆಬ್ಬೆಟ್ಟು ಬೇಕು. ಅವ್ವನ ಮೊಣಕೈಗೆ ಕಚ್ಚಿದೆ. ಅಣ್ಣನಿಗೆ ಅದು ಗೊತ್ತು, ಯಾರಿಗೂ ಹೇಳಿಲ್ಲ. ಈಗ ನೋಡಿ, ಬಾಗಿಲ ಹೊರಗೆ ಏನಿದೆ ಅನ್ನುವುದಕ್ಕಿಂತ ಒಳಗೆ ಯಾರು ಮೊದಲು ಬಾಯಿ ಬಿಡುತ್ತಾರೆ ಅನ್ನುವುದು ದೊಡ್ಡ ವಿಷಯ ಆಗುತ್ತದೆ. ಊರೇ ಖಾಲಿಯಾಗಿರುವಾಗ ಆ ಕಾಗದಕ್ಕೆ ಬೆಲೆ ಏನು ಅಂತ ಯಾವ ಪಾತ್ರವೂ ಕೇಳಬಾರದು. ಅದನ್ನು ನೋಡುವವರಿಗೆ ಬಿಡಿ.

ಕತೆ ಸರಿಯಿದೆಯೋ ಇಲ್ಲವೋ ತಿಳಿಯಲು ಎರಡು ಪರೀಕ್ಷೆ ಇವೆ. ಜೋಂಬಿ ತೆಗೆದು ಅಲ್ಲಿ ಬೆಣ್ಣಿಹಳ್ಳದ ಪ್ರವಾಹ ಇಟ್ಟು ನೋಡಿ. ಜಗಳ ಆಗಲೂ ಹಾಗೇ ಉಳಿಯಬೇಕು. ಆದರೆ ಕೊನೆ ಮಾತ್ರ ಹಾಗೇ ಉಳಿಯಬಾರದು. ಪ್ರವಾಹದಲ್ಲೂ ಅದೇ ಕೊನೆ ಸಾಧ್ಯ ಅಂತಾದರೆ ನಿಮಗೆ ಜೋಂಬಿ ಬೇಕಾಗಿಲ್ಲ, ಸುಮ್ನೆ ಪ್ರವಾಹದ ಸಿನಿಮಾ ಮಾಡಿ, ಅಲ್ವಾ? ಅವ್ವ ಬದಲಾಗುವ ಮೊದಲು ಹೆಬ್ಬೆಟ್ಟು ಒತ್ತಿಸಿಕೊಳ್ಳಬೇಕಾ ಅಥವಾ ಪಕ್ಕದಲ್ಲಿ ಕೂತು ನೀರು ಕುಡಿಸಬೇಕಾ ಅನ್ನುವ ದೃಶ್ಯ ಪ್ರವಾಹದಲ್ಲಿ ಬರುವುದಿಲ್ಲ.

ಸಂಭಾಷಣೆಯಲ್ಲಿ ಎಲ್ಲರೂ ಮಾಡುವ ತಪ್ಪು ಒಂದಿದೆ. ಇಡೀ ದಿನ ಧಾರವಾಡದ ಮಾತು ಆಡುವ ಹುಡುಗ ಕ್ಯಾಮೆರಾ ಮುಂದೆ ಬಂದ ಕೂಡಲೇ "ನಾವು ಹೇಗಾದರೂ ಬದುಕಿ ಉಳಿಯಲೇಬೇಕು" ಅನ್ನುತ್ತಾನೆ. ನಮ್ಮ ಮನೆಗಳಲ್ಲಿ ಭಯ ಬಂದಾಗ ಜನ ಹಿಂಗೆ ಭಾಷಣ ಮಾಡುವುದಿಲ್ಲ, ಸಾಮಾನಿನ ಲೆಕ್ಕ ಹಾಕುತ್ತಾರೆ:

"ಹಿಟ್ಟ ಎಷ್ಟ ಉಳದೈತಿ ನೋಡು."
"ಇವತ್ತ ರಾತ್ರಿಗೆ ಆಕ್ಕೈತಿ."
"ಹಂಗಾರ ನಾಳೆ?"
"ನಾಳೆ ಎದ್ದರ ನೋಡೂಣ."

ಬರೆದಾದ ಮೇಲೆ ನಾಲ್ಕೂ ಜನ ಕೂತು ಗಟ್ಟಿಯಾಗಿ ಓದಿ, ಗಡಿಯಾರ ಇಟ್ಟು ಅಳೆಯಿರಿ. ಪುಟಕ್ಕೆ ಒಂದು ನಿಮಿಷ ಅನ್ನುವ ಲೆಕ್ಕ ಒಂದು ನಿರ್ದಿಷ್ಟ ಅಳತೆಯಲ್ಲಿ ಟೈಪ್ ಮಾಡಿದ ಇಂಗ್ಲಿಷ್ ಸ್ಕ್ರಿಪ್ಟಿಗೆ ಹುಟ್ಟಿದ್ದು, ಕೈಯಲ್ಲಿ ಬರೆದ ಕನ್ನಡಕ್ಕೆ ಅದನ್ನು ನಂಬಬೇಡಿ.

ಅಪಾಯದ ಗುರುತು: ಸ್ಕ್ರಿಪ್ಟಿನಲ್ಲಿ "ಆಗ ಜೋಂಬಿಗಳು ದಾಳಿ ಮಾಡುತ್ತವೆ" ಅನ್ನುವ ಸಾಲು ಮೂರಕ್ಕಿಂತ ಜಾಸ್ತಿ ಸಲ ಬಂದಿದ್ದರೆ, ಪಾತ್ರಗಳಿಗೆ ಮಾಡಲು ಕೆಲಸ ಇಲ್ಲ ಅಂತ ಅರ್ಥ.

## ಹಂತ 2: ಜೋಂಬಿಯ ಕಾನೂನು ಒಂದೇ ಹಾಳೆಯಲ್ಲಿ

ನಡೆಯುತ್ತದಾ, ಓಡುತ್ತದಾ? ವಾಸನೆ ಹಿಡಿದು ಬರುತ್ತದಾ, ಸದ್ದು ಕೇಳಿ ಬರುತ್ತದಾ? ಹೇಗೆ ಸಾಯುತ್ತದೆ? ಕಚ್ಚಿದ ಮೇಲೆ ಎಷ್ಟು ಹೊತ್ತಿಗೆ ಬದಲಾಗುತ್ತಾರೆ? ಇಷ್ಟನ್ನು ಬರೆದು ಗೋಡೆಗೆ ಅಂಟಿಸಿ.

ಇದರಲ್ಲಿ ನಿಮ್ಮ ಬಜೆಟ್ ನಿರ್ಧರಿಸುವ ಪ್ರಶ್ನೆ ಸದ್ದು. ಸದ್ದು ಕೇಳಿ ಬರುತ್ತವೆ ಅಂತ ಇಟ್ಟರೆ ಪಾತ್ರಗಳು ಪಿಸುಮಾತಿನಲ್ಲಿ ಜಗಳ ಆಡಬೇಕಾಗುತ್ತದೆ. ಆಸ್ತಿ ಜಗಳವನ್ನು ದನಿ ಏರಿಸದೆ ಆಡುವುದು ಎಷ್ಟು ಕಷ್ಟ ಯೋಚಿಸಿ, ಆ ಒಂದು ಕಟ್ಟುಪಾಡೇ ಅರ್ಧ ಸಿನಿಮಾ ಎಳೆದುಕೊಂಡು ಹೋಗುತ್ತದೆ. ಖರ್ಚು ಸೊನ್ನೆ. ಬದಲಾಗುವ ಹೊತ್ತು ಹತ್ತು ನಿಮಿಷ ಇಟ್ಟರೆ ನಾಟಕಕ್ಕೆ ಜಾಗ ಇರುವುದಿಲ್ಲ, ಮೂರು ದಿನ ಇಟ್ಟರೆ ಕತೆ ಸಡಿಲ ಆಗುತ್ತದೆ. ಒಂದು ರಾತ್ರಿ ಸಾಕು.

ನಮ್ಮೂರ ಪ್ರೇಕ್ಷಕರು ಕೇಳುವ ಪ್ರಶ್ನೆಗಳೂ ಇರುತ್ತವೆ. ಎತ್ತಿಗೆ ಕಚ್ಚಿದರೆ ಏನಾಗುತ್ತದೆ? ನಾಯಿ ಬೊಗಳುತ್ತದಾ? ಹಾವೇರಿ ಕಡೆ ಮಾಡಿದರೆ ಯಾರಾದರೂ ಒಬ್ಬರು "ಒಂದು ಹಿಡಿ ಮೆಣಸಿನಕಾಯಿ ಬೆಂಕಿಗೆ ಹಾಕಿದ್ರೆ ಘಾಟಿಗೇ ಓಡಿ ಹೋಗ್ತಿದ್ವು" ಅಂತ ಹೇಳಿಯೇ ಹೇಳುತ್ತಾರೆ. ಉತ್ತರ ಮೊದಲೇ ಇಟ್ಟುಕೊಳ್ಳಿ. ಉಸಿರಾಡುವ ಜೋಂಬಿಗೆ ಘಾಟು ಹತ್ತುತ್ತದೆ, ಉಸಿರಾಡದ್ದಕ್ಕೆ ಹತ್ತುವುದಿಲ್ಲ, ಆದರೆ ಒಳಗಿರುವ ಮನುಷ್ಯರು ಕೆಮ್ಮುತ್ತಾರೆ, ಕೆಮ್ಮಿದರೆ ಸದ್ದು. ಕಾನೂನು ಗಟ್ಟಿಯಾಗಿದ್ದರೆ ಹೀಗೆ ದೃಶ್ಯಗಳು ತಾವಾಗಿಯೇ ಹುಟ್ಟುತ್ತವೆ.

ಪ್ರಾಣಿ ತೋರಿಸುವ ಮೊದಲು ಒಂದು ಮಾತು: ಮುಂದೆ ಸೆನ್ಸಾರ್ ಸರ್ಟಿಫಿಕೇಟ್ ಬೇಕು ಅಂತಿದ್ದರೆ ಪ್ರಾಣಿಗಳನ್ನು ಬಳಸಲು ಪ್ರಾಣಿ ಕಲ್ಯಾಣ ಮಂಡಳಿಯ ಅನುಮತಿ ಮೊದಲೇ ಪಡೆಯಬೇಕು. ಸಣ್ಣ ತಂಡಕ್ಕೆ ಎತ್ತಿನ ಸದ್ದು ಮಾತ್ರ ಕೇಳಿಸುವುದು ಸುಲಭ.

## ಹಂತ 3: ಜಾಗ ಮತ್ತು ತಿಂಗಳು ಒಟ್ಟಿಗೇ ಹುಡುಕಿ

ಜಾಗ ಸಿಕ್ಕಿತು ಅಂತ ಖುಷಿಪಟ್ಟು ತಿಂಗಳು ಮರೆಯುವುದು ಇನ್ನೊಂದು ದೊಡ್ಡ ಗುಂಡಿ. ಗದಗ, ನರಗುಂದ, ನವಲಗುಂದ ಕಡೆಯ ಎರೆ ಹೊಲ ಬೇಸಿಗೆಯಲ್ಲಿ ಬಿರುಕು ಬಿಟ್ಟು ಕ್ಯಾಮೆರಾಕ್ಕೆ ಚಂದ ಕಾಣುತ್ತದೆ. ಅದೇ ಹೊಲ ಒಂದು ಮಳೆ ಬಿದ್ದರೆ ಕಾಲಿಗೆ ಸೇರುಗಟ್ಟಲೆ ಅಂಟುತ್ತದೆ, ಟ್ರೈಪಾಡ್ ಎತ್ತಿದರೆ ಮಣ್ಣೂ ಜೊತೆಗೇ ಬರುತ್ತದೆ, ಗಾಡಿ ಹೂತುಹೋಗುತ್ತದೆ. ಹಾಂ, ಆ ಮಣ್ಣಿನಲ್ಲಿ ನಡೆಯುವವರು ಯಾರಾದರೂ ಜೋಂಬಿ ಥರವೇ ನಡೆಯುತ್ತಾರೆ, ಅಭಿನಯ ಕಲಿಸುವ ಕೆಲಸ ಇಲ್ಲ.

ಆಳೆತ್ತರದ ಜೋಳದ ಹೊಲದಿಂದ ಕೈ ಚಾಚಿ ಬರುವ ದೃಶ್ಯ ಎಲ್ಲರಿಗೂ ಬೇಕು. ಹಿಂಗಾರಿ ಜೋಳ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಬಿತ್ತಿ ಜನವರಿ-ಫೆಬ್ರುವರಿ ಹೊತ್ತಿಗೆ ಕೊಯ್ಯುತ್ತಾರೆ. ನೀವು ಅರ್ಧ ದೃಶ್ಯ ತೆಗೆದು, ಹುಡುಗರ ಪರೀಕ್ಷೆ ಮುಗಿಸಿ ವಾಪಸ್ ಬರುವಷ್ಟರಲ್ಲಿ ಅಲ್ಲಿ ಬರೀ ಕೂಳೆ ಇರುತ್ತದೆ. ಹೊಲದ ದೃಶ್ಯ ಎಷ್ಟಿದ್ದರೂ ಒಂದೇ ಸಲಕ್ಕೆ ಮುಗಿಸಿ. ಹೊಲದವರಿಗೆ ತುಳಿದುಹೋಗುವ ಬೆಳೆಯ ದುಡ್ಡು ಮೊದಲೇ ಮಾತಾಡಿ ಕೊಡಿ. ಹಾವು ಇರುತ್ತವೆ, ಬೂಟು ಕಡ್ಡಾಯ. ಬರಿಗಾಲಿನ ಜೋಂಬಿ ಬೇಕೇ ಬೇಕು ಅಂದರೆ ಅದನ್ನು ಅಂಗಳದಲ್ಲಿ ತೆಗೆಯಿರಿ.

ಮನೆ ಆರಿಸುವಾಗ ಹಳೆಯ ಮಣ್ಣಿನ ಮಾಳಿಗೆ ಮನೆ ಸಿಕ್ಕರೆ ಅದೃಷ್ಟ. ದಪ್ಪ ಗೋಡೆ ಹೊರಗಿನ ಸದ್ದು ತಡೆಯುತ್ತದೆ, ಬೆಳಕಿಂಡಿಯಿಂದ ಬೀಳುವ ಒಂದು ಕೋಲು ಬೆಳಕು ಯಾವ ಲೈಟಿಗೂ ಕಡಿಮೆ ಇಲ್ಲ. ಆದರೆ ಮೇಲ್ಮುದ್ದೆಯ (ಮಣ್ಣಿನ ಚಾವಣಿಯ) ಮೇಲೆ ಗುಂಪು ಹತ್ತಿಸಬೇಡಿ. ಕೆಳಗಿನ ತೊಲೆಗೆ ಗೆದ್ದಲು ಹಿಡಿದಿದೆಯೋ ಇಲ್ಲವೋ ಮೇಲಿಂದ ತಿಳಿಯುವುದಿಲ್ಲ.

ಎಲ್ಲರೂ ಕೇಳುವ ಜಾಗಗಳ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಹುಬ್ಬಳ್ಳಿ ರೈಲು ನಿಲ್ದಾಣದ 1,507 ಮೀಟರ್ ಪ್ಲಾಟ್‌ಫಾರ್ಮ್ ಖಾಲಿ ಇದ್ದರೆ ಹೇಗಿರುತ್ತದೆ ಅಂತ ನನಗೂ ಆಸೆ ಇದೆ, ಆದರೆ ಅದು ರೈಲ್ವೆಯ ಅನುಮತಿ ಮತ್ತು ಶುಲ್ಕದ ವಿಷಯ, ಖಾಲಿ ಮಾಡಿಸುವುದಂತೂ ಆಗದ ಮಾತು. ಲಕ್ಕುಂಡಿಯ ದೊಡ್ಡ ಗುಡಿಗಳು ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿವೆ, ಅನುಮತಿ ಇಲ್ಲದೆ ಶೂಟಿಂಗ್ ಇಲ್ಲ, ಆ ಕಲ್ಲಿಗೆ ಬಣ್ಣದ ನೀರು ತಾಗಿಸುವ ಯೋಚನೆಯೇ ಬೇಡ. ಕಪ್ಪತಗುಡ್ಡ 2019ರಿಂದ ವನ್ಯಜೀವಿ ಧಾಮ, ಅರಣ್ಯ ಇಲಾಖೆಯನ್ನು ಕೇಳಬೇಕು. ಸುತ್ತಲಿನ ಗಾಳಿಯಂತ್ರಗಳನ್ನು ರಸ್ತೆ ಬದಿಯಿಂದ ದೂರದಲ್ಲಿ ತೆಗೆದರೂ ಸಾಕು, ಜನ ಇಲ್ಲದ ಬಯಲಿನಲ್ಲಿ ಅವು ತಮ್ಮ ಪಾಡಿಗೆ ತಿರುಗುತ್ತಿದ್ದರೆ ಊರು ಸತ್ತಿದೆ ಅಂತ ಬೇರೆ ಹೇಳಬೇಕಿಲ್ಲ. ಸವಣೂರಿನ ದೊಡ್ಡ ಹುಣಸೆ (ಬಾವೋಬಾಬ್) ಮರಗಳು ಮಠದ ಆವರಣದಲ್ಲಿವೆ, ಮಠದವರನ್ನು ಕೇಳಿ, ರಕ್ತ ಇಲ್ಲದ ದೃಶ್ಯ ಮಾತ್ರ ಅಲ್ಲಿಡಿ.

## ಹಂತ 4: ಪೊಲೀಸ್ ಠಾಣೆ, ಊರಿನ ಹಿರಿಯರು, ವಾಟ್ಸಾಪ್

ಇದನ್ನು ಬಿಟ್ಟು ಶೂಟಿಂಗ್ ಶುರು ಮಾಡಬೇಡಿ. ಮೈಯೆಲ್ಲ ರಕ್ತ ಬಳಿದುಕೊಂಡ ಹುಡುಗ ಹುಬ್ಬಳ್ಳಿ-ಧಾರವಾಡ ರಸ್ತೆ ಬದಿಯಲ್ಲಿ ನಿಂತರೆ ಹಿಂದಿನ ಗಾಡಿಯವರು ಬ್ರೇಕ್ ಹಾಕುತ್ತಾರೆ. ಯಾರೋ ವಿಡಿಯೋ ಮಾಡುತ್ತಾರೆ. ಸಂಜೆಯೊಳಗೆ ಅದು ಕೊಲೆ ಅಂತ ಹತ್ತು ಗ್ರೂಪಿಗೆ ಹೋಗಿರುತ್ತದೆ.

ಸ್ಥಳೀಯ ಠಾಣೆಗೆ ದಿನಾಂಕ, ಸಮಯ, ಜಾಗ, ಜವಾಬ್ದಾರಿ ವ್ಯಕ್ತಿಯ ಫೋನ್ ನಂಬರ್ ಬರೆದು ಪತ್ರ ಕೊಟ್ಟು, ಸೀಲ್ ಹಾಕಿಸಿದ ಪ್ರತಿ ಜೇಬಿನಲ್ಲಿಡಿ. ಹಳ್ಳಿಯಾದರೆ ಪಂಚಾಯಿತಿಗೂ ಹಿರಿಯರಿಗೂ ಹೇಳಿ. "ಸಿನಿಮಾ ಶೂಟಿಂಗ್ ನಡೆದಿದೆ" ಅನ್ನುವ ದೊಡ್ಡ ಬ್ಯಾನರ್ ಎರಡೂ ಕಡೆ ಕಟ್ಟಿ. ಮೇಕಪ್ ಹಾಕಿಕೊಂಡು ಚಿಗರಿ ಬಸ್ ಹತ್ತುವುದು, ಅಂಗಡಿಗೆ ಹೋಗಿ ಹೆದರಿಸುವುದು ಬೇಡವೇ ಬೇಡ. ಹೃದಯದ ತೊಂದರೆ ಇರುವ ಅಜ್ಜ ಯಾರು ಅಂತ ನಿಮಗೆ ಗೊತ್ತಿರುವುದಿಲ್ಲ.

ಹೊಡೆದಾಟದ ದೃಶ್ಯದಲ್ಲಿ ಕುಡಗೋಲು, ಕೊಡಲಿ, ಸಲಿಕೆ ಯಾವುದೂ ಅಸಲಿ ಇರಬಾರದು. ಫೋಮ್ ಶೀಟ್ ಕತ್ತರಿಸಿ ಬಣ್ಣ ಹಾಕಿ. ಹತ್ತಿರದ ಶಾಟಿಗೆ ಮಾತ್ರ ಅಸಲಿ ತೋರಿಸಿ, ಆ ಹೊತ್ತಿನಲ್ಲಿ ಎದುರಿಗೆ ಯಾರೂ ಇರಬಾರದು. ತೆರೆದ ಬಾವಿ ಇದ್ದರೆ ಹಗಲಲ್ಲೇ ಸುತ್ತ ಹಗ್ಗ ಕಟ್ಟಿ. ಡ್ರೋನ್ ಹಾರಿಸುವ ಮೊದಲು ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ನಿಮ್ಮ ಜಾಗ ಹಸಿರೋ, ಹಳದಿಯೋ, ಕೆಂಪೋ ನೋಡಿ. ಹುಬ್ಬಳ್ಳಿಯಲ್ಲಿ ವಿಮಾನ ನಿಲ್ದಾಣ ಊರಿಗೇ ಅಂಟಿಕೊಂಡಿದೆ.

## ಹಂತ 5: ನಟರು ಮತ್ತು ಕಚ್ಚಾ ಸಿನಿಮಾ

ನಮ್ಮ ಭಾಗದಲ್ಲಿ ನಟರಿಗೆ ಬರ ಇಲ್ಲ. ಧಾರವಾಡದಲ್ಲಿ ರಂಗಾಯಣ ಇದೆ, ಹವ್ಯಾಸಿ ತಂಡಗಳಿವೆ, ಹಳ್ಳಿಗಳಲ್ಲಿ ಜಾತ್ರೆ ನಾಟಕ ಆಡುವವರಿದ್ದಾರೆ. ತೊಂದರೆ ಏನೆಂದರೆ ನಾಟಕದವರು ಕೊನೆಯ ಸಾಲಿನವರಿಗೆ ಕೇಳುವ ಹಾಗೆ ಮಾತಾಡುತ್ತಾರೆ, ಆದರೆ ಕ್ಯಾಮೆರಾ ಕೈಯಳತೆ ದೂರದಲ್ಲೇ ಇರುತ್ತದೆ. ಪಿಸುಮಾತಿನ ಕಾನೂನು ಇದಕ್ಕೂ ಔಷಧಿ. ಅವ್ವನ ಪಾತ್ರಕ್ಕೆ ನಿಜವಾಗಿ ವಯಸ್ಸಾದವರೇ ಬೇಕು. ಇಪ್ಪತ್ತರ ಹುಡುಗಿಗೆ ಬಿಳಿ ಕೂದಲು ಅಂಟಿಸಿದರೆ ನಿಮ್ಮ ಜೋಂಬಿ ಎಷ್ಟು ಚೆನ್ನಾಗಿದ್ದರೂ ಸಿನಿಮಾ ಶಾಲಾ ವಾರ್ಷಿಕೋತ್ಸವ ಆಗುತ್ತದೆ.

ಈಗ ಬಹಳ ಮುಖ್ಯವಾದ ಕೆಲಸ. ಇಡೀ ಸಿನಿಮಾವನ್ನು ಒಮ್ಮೆ ಯಾರದಾದರೂ ಮನೆಯ ಪಡಸಾಲೆಯಲ್ಲಿ, ಮನೆ ಬಟ್ಟೆಯಲ್ಲಿ, ಮೇಕಪ್ ಇಲ್ಲದೆ, ಫೋನಿನಲ್ಲಿ ತೆಗೆದುಬಿಡಿ. ಜೋಂಬಿ ಬರುವಲ್ಲಿ ಒಬ್ಬ ಸುಮ್ನೆ ಬಾಗಿಲು ಬಡಿಯಲಿ. ಅದನ್ನು ಜೋಡಿಸಿ, ತಂಡದಲ್ಲಿ ಇಲ್ಲದ ನಾಲ್ಕು ಜನರಿಗೆ ತೋರಿಸಿ. ಅವರು ಯಾವ ನಿಮಿಷದಲ್ಲಿ ಮೊಬೈಲ್ ಕೈಗೆತ್ತಿಕೊಂಡರು ಅಂತ ಗುರುತು ಹಾಕಿಕೊಳ್ಳಿ. ಆ ಜಾಗಗಳನ್ನು ಮತ್ತೆ ಬರೆಯಿರಿ. ಈ ಹಂತ ಬೋರು ಅಂತ ಹಾರಿಸುವ ತಂಡಗಳೇ ಜಾಸ್ತಿ, ಅರ್ಧಕ್ಕೆ ನಿಲ್ಲುವುದೂ ಅವೇ.

## ಹಂತ 6: ಧ್ವನಿ

ಶೂಟಿಂಗ್ ಜಾಗಕ್ಕೆ ಮೊದಲು ಹೋದಾಗ ಕಣ್ಣು ಮುಚ್ಚಿ ಕೂತು ಕೇಳಿ. ಲೋಕವೇ ಮುಗಿದ ಸಿನಿಮಾದಲ್ಲಿ ಹಿಂದೆ ಹಾಲಿನ ಗಾಡಿ ಹಾರ್ನ್ ಹೊಡೆಯುವುದು, ಕುಕ್ಕರ್ ಸೀಟಿ, ಗುಡಿಯ ಮೈಕು, ಗದಗ-ಹುಬ್ಬಳ್ಳಿ ರೈಲು ಕೇಳಿಸಿದರೆ ಎಲ್ಲ ಕೆಡುತ್ತದೆ. ಬೇರೆ ಸಿನಿಮಾಕ್ಕೆ ಇದು ಸಣ್ಣ ದೋಷ. ಜೋಂಬಿ ಸಿನಿಮಾಕ್ಕೆ ಮೌನವೇ ಸೆಟ್ಟು. ಯಾವ ಹೊತ್ತಿಗೆ ಯಾವ ಸದ್ದು ಅಂತ ಬರೆದುಕೊಂಡು ಮಾತಿನ ದೃಶ್ಯಗಳನ್ನು ನಡುವೆ ತುರುಕಿ.

ಫ್ಯಾನು, ಫ್ರಿಜ್ಜು ಬಂದ್ ಮಾಡಿ. ಫ್ರಿಜ್ ಬಂದ್ ಮಾಡಿದಾಗ ಬೈಕಿನ ಕೀಲಿ ಅದರೊಳಗೆ ಇಡಿ, ಮನೆಗೆ ಹೊರಡುವಾಗ ಮತ್ತೆ ಚಾಲೂ ಮಾಡಲು ಮರೆಯುವುದಿಲ್ಲ. ಪ್ರತಿ ಜಾಗದಲ್ಲೂ ಯಾರೂ ಮಾತಾಡದೆ ಒಂದು ನಿಮಿಷ ಬರೀ ಕೋಣೆಯ ಸದ್ದು ರೆಕಾರ್ಡ್ ಮಾಡಿ, ಎಡಿಟಿಂಗಿನಲ್ಲಿ ಮಾತಿನ ನಡುವಿನ ತೂತು ಮುಚ್ಚಲು ಅದೇ ಬೇಕು. ಪ್ರತಿ ಶಾಟಿಗೂ ಚಪ್ಪಾಳೆ ತಟ್ಟಿ, ಧ್ವನಿ ಕೂಡಿಸಲು ಸುಲಭ. ಗದಗದ ಬಯಲಿನಲ್ಲಿ ಗಾಳಿಯಂತ್ರ ಹಾಕಿದ್ದೇ ಅಲ್ಲಿ ಗಾಳಿ ಜೋರು ಅಂತ. ಮೈಕಿಗೆ ತುಪ್ಪಳದ ಟೋಪಿ ಇಲ್ಲದೆ ಹೊರಗೆ ಹೋಗಬೇಡಿ.

ಜೋಂಬಿಯ ನರಳಾಟ ಶೂಟಿಂಗ್ ದಿನ ಬೇಡ. ಆಮೇಲೆ ಒಂದು ಕೋಣೆಯಲ್ಲಿ ಸುತ್ತಲೂ ಕೌದಿ ತೂಗುಹಾಕಿ ರೆಕಾರ್ಡ್ ಮಾಡಿ, ಪ್ರತಿಧ್ವನಿ ಇರುವುದಿಲ್ಲ. ಎಲುಬು ಮುರಿಯುವ ಸದ್ದಿಗೆ ಒದ್ದೆ ಟವೆಲಿನಲ್ಲಿ ಸುತ್ತಿದ ಖಡಕ್ ರೊಟ್ಟಿ ಮುರಿಯಿರಿ. ಮಾಂಸಕ್ಕೆ ಹಣ್ಣಾದ ಪಪ್ಪಾಯಿ.

## ಹಂತ 7: ಕ್ಯಾಮೆರಾ

ಇಲ್ಲಿ ಜಾಸ್ತಿ ಹೇಳುವುದಿಲ್ಲ. ಸೆಕೆಂಡಿಗೆ 25 ಫ್ರೇಮ್, ಶಟರ್ 1/50. ನಮ್ಮ ಕರೆಂಟು 50 ಹರ್ಟ್ಸ್ ಇರುವುದರಿಂದ ಬಲ್ಬು ಮಿಣುಕುವುದು ಇದರಲ್ಲಿ ಕಾಣುವುದಿಲ್ಲ. ಫೋಕಸ್, ಬೆಳಕು, ಬಣ್ಣ ಮೂರನ್ನೂ ಲಾಕ್ ಮಾಡಿ. ಬ್ಲ್ಯಾಕ್‌ಮ್ಯಾಜಿಕ್ ಕ್ಯಾಮೆರಾ ಆ್ಯಪ್ ಉಚಿತ, ಫೋನಿನ ಮಾಮೂಲು ಆ್ಯಪಿಗಿಂತ ಹಿಡಿತ ಕೊಡುತ್ತದೆ. ಫೋರ್‌ಕೆಯಲ್ಲಿ ಗಂಟೆಗೆ ಸುಮಾರು 10ರಿಂದ 25 ಜಿಬಿ ಹೋಗುತ್ತದೆ, ಜಾಗ ಮೊದಲೇ ಖಾಲಿ ಮಾಡಿ.

ರಾತ್ರಿಯ ಹೊರಾಂಗಣ ಕಡಿಮೆ ಇಡಿ. ಸೂರ್ಯ ಮುಳುಗಿದ ಮೇಲಿನ ಇಪ್ಪತ್ತು ನಿಮಿಷ ನೀಲಿ ಬೆಳಕಿರುತ್ತದೆ, ಅದರಲ್ಲಿ ಒಂದೆರಡು ಶಾಟ್ ಮೊದಲೇ ತಾಲೀಮು ಮಾಡಿಟ್ಟು ತೆಗೆಯಿರಿ. ಒಳಗಿನ ದೃಶ್ಯಕ್ಕೆ ಕಂದೀಲಿನೊಳಗೆ ಬೆಚ್ಚನೆ ಬಣ್ಣದ ಸಣ್ಣ ಎಲ್‌ಇಡಿ ಇಡಿ. ಸೀಮೆಎಣ್ಣೆ, ಪೆಟ್ರೋಲ್, ಪಂಜು ಬೇಡ, ಮೇಕಪ್ ಹಾಕಿದವರ ಹತ್ತಿರವಂತೂ ಬೇಡವೇ ಬೇಡ.

## ಹಂತ 8: ಈಗ ರಕ್ತ ಮತ್ತು ಮೇಕಪ್

ರಕ್ತಕ್ಕೆ ಎರಡು ಕಪ್ ಸಕ್ಕರೆ, ಒಂದು ಕಪ್ ನೀರು ಕುದಿಸಿ. ತಣ್ಣೀರಿನಲ್ಲಿ ಕಲಸಿದ ಒಂದು ಚಮಚ ಕಾರ್ನ್‌ಫ್ಲೋರ್ ಅನ್ನು ಬಿಸಿ ಇರುವಾಗಲೇ ಸೇರಿಸಿದರೆ ಗಟ್ಟಿ ಬರುತ್ತದೆ, ಆಮೇಲೆ ಆರಿಸಿ. ತಿನ್ನುವ ಕೆಂಪು ಬಣ್ಣ, ಒಂದು ಚಿಟಿಕೆ ಕೋಕೋ ಪುಡಿ, ಎರಡು ಹನಿ ಹಸಿರು. ಬರೀ ಕೆಂಪು ಹಾಕಿದರೆ ಶರಬತ್ತಿನ ಹಾಗೆ ಕಾಣುತ್ತದೆ. ಎರಡು ಬಾಟಲಿ ಮಾಡಿ "ಬಾಯಿಗೆ", "ಬಟ್ಟೆಗೆ" ಅಂತ ಚೀಟಿ ಅಂಟಿಸಿ. ಬಟ್ಟೆಯದಕ್ಕೆ ಪಾತ್ರೆ ತೊಳೆಯುವ ಸೋಪಿನ ನೀರು ಎರಡು ಹನಿ ಸೇರಿಸಿದರೆ ಕಲೆ ಬೇಗ ಬಿಡುತ್ತದೆ. ಇರುವೆ, ನೊಣ, ಜೇನು ಬರುತ್ತವೆ, ಆದ್ದರಿಂದ ನೆಲದ ಮೇಲೆ ಮಲಗುವ ಶಾಟಿಗೆ ಕೊನೆಗೆ ಬಳಿಯಿರಿ.

ಬ್ಯಾಡಗಿ ಮೆಣಸಿನಕಾಯಿಗೆ ಖಾರ ಕಡಿಮೆ, ಬಣ್ಣ ಜಾಸ್ತಿ ಅಂತ ಅದರ ಪುಡಿ ಕಲಸುವ ಐಡಿಯಾ ಯಾರಿಗಾದರೂ ಬಂದೇ ಬರುತ್ತದೆ. ಕಣ್ಣಿಗೆ ಹೋದರೆ ಕಡಿಮೆ ಖಾರವೂ ಖಾರವೇ. ಕುಂಕುಮ, ಓಕುಳಿ ಬಣ್ಣ ಕೂಡ ಬೇಡ.

ಮುಖಕ್ಕೆ ಬಿಳಿ ಪೌಡರ್ ಬಳಿದರೆ ದೆವ್ವದ ನಾಟಕ ಆಗುತ್ತದೆ. ನಮ್ಮ ಚರ್ಮದ ಬಣ್ಣಕ್ಕೆ ಬೂದು-ಹಸಿರು ತೆಳುವಾಗಿ, ಕಣ್ಣಿನ ಸುತ್ತ ಕಂದು-ನೇರಳೆ, ಅಂಚಿಗೆ ಚೂರು ಹಳದಿ ಹೊಂದುತ್ತದೆ. ಹಿಂದೆ ನಿಲ್ಲುವವರಿಗೆ ಮುಲ್ತಾನಿ ಮಿಟ್ಟಿ ಬಳಿದು ಒಣಗಿಸಿದರೆ ಸಾಕು, ತಾನೇ ಬಿರುಕು ಬಿಡುತ್ತದೆ. ಬೂದಿ ಬಣ್ಣಕ್ಕೆ ವಿಭೂತಿ ತೆಗೆದುಕೊಳ್ಳಬೇಡಿ, ನೋಡುವವರ ಮನಸ್ಸಿಗೆ ನೋವಾಗುತ್ತದೆ, ಜಗಳವೂ ಆಗುತ್ತದೆ.

ಗಾಯಕ್ಕೆ ದ್ರವ ಲ್ಯಾಟೆಕ್ಸ್ ಮತ್ತು ಟಿಶ್ಯೂ ಪೇಪರ್ ಪದರ ಪದರವಾಗಿ. ಹಿಂದಿನ ದಿನ ಮೊಣಕೈ ಒಳಭಾಗದಲ್ಲಿ ಒಂದು ಚುಕ್ಕೆ ಹಚ್ಚಿ 24 ಗಂಟೆ ನೋಡಿ. ಕೆಂಪಾದರೆ, ತುರಿಸಿದರೆ ಅವರಿಗೆ ಲ್ಯಾಟೆಕ್ಸ್ ಬೇಡ. ಹುಬ್ಬು, ಗಡ್ಡದ ಕೂದಲಿಗೆ ಮೊದಲು ವ್ಯಾಸಲಿನ್ ಹಚ್ಚದಿದ್ದರೆ ತೆಗೆಯುವಾಗ ಕೂದಲೂ ಬರುತ್ತದೆ. ಫೆವಿಕ್ವಿಕ್ ಚರ್ಮಕ್ಕೆ ಯಾವತ್ತೂ ಇಲ್ಲ. ಬಣ್ಣದ ಕಾಂಟ್ಯಾಕ್ಟ್ ಲೆನ್ಸ್ ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುತ್ತದೆ ಅಂತ ತರಿಸಬೇಡಿ, ಒಬ್ಬರದನ್ನು ಇನ್ನೊಬ್ಬರು ಹಾಕಿಕೊಳ್ಳುವುದಂತೂ ಕಣ್ಣಿಗೆ ಸೋಂಕು ಕರೆದಂತೆ. ಕಣ್ಣಿನ ಡಾಕ್ಟರ್ ನೋಡಿ ಕೊಟ್ಟರೆ ಮಾತ್ರ.

ಅವ್ವನ ಮೇಕಪ್ಪಿಗೆ ಅರ್ಧ ದುಡ್ಡು ಇಡಿ. ಅವಳ ಮುಖ ಮೂರು ಹಂತದಲ್ಲಿ ಬದಲಾಗಬೇಕು, ಕ್ಯಾಮೆರಾ ಹತ್ತಿರ ಹೋಗುವುದು ಅಲ್ಲಿಗೇ. ಹೊರಗಿನ ಗುಂಪನ್ನು ಬಾಗಿಲ ಸಂದಿಯಲ್ಲಿ, ಮಸುಕಾಗಿ, ಬೆನ್ನ ಹಿಂದಿನಿಂದ ತೋರಿಸಿ. ಎಂಟು ಜನ ಸಾಕು, ಅಂಗಿ ಬದಲಿಸಿ ಮತ್ತೆ ಮತ್ತೆ ಹಾಯಿಸಿ.

## ಹಂತ 9: ಶೂಟಿಂಗ್ ದಿನಗಳ ಕ್ರಮ

ಮೊದಲ ದಿನ ಮಾತಿನ ದೃಶ್ಯಗಳು, ಸ್ವಚ್ಛ ಬಟ್ಟೆಯಲ್ಲಿ. ರಕ್ತ ಬೀಳುವ ದೃಶ್ಯ ಎಲ್ಲಕ್ಕಿಂತ ಕೊನೆಗೆ, ಏಕೆಂದರೆ ಗೋಡೆಗೆ ಬಿದ್ದ ಮೇಲೆ ಹಿಂದಿನ ದೃಶ್ಯಕ್ಕೆ ವಾಪಸ್ ಹೋಗಲು ಆಗುವುದಿಲ್ಲ. ಮುಖ್ಯ ಪಾತ್ರಗಳಿಗೆ ಒಂದೇ ಥರದ ಅಂಗಿ ಅಥವಾ ಸೀರೆ ಎರಡು-ಮೂರು ಇರಲಿ. ಪ್ರತಿ ಶಾಟ್ ಮುಗಿದಾಗ ಗಾಯದ ಫೋಟೋ ತೆಗೆಯಲು ಒಬ್ಬರನ್ನೇ ನೇಮಿಸಿ. ಕಚ್ಚಿದ್ದು ಎಡಗೈಗೋ ಬಲಗೈಗೋ ಅನ್ನುವ ಗೊಂದಲ ಎಷ್ಟು ಸಿನಿಮಾ ಕೆಡಿಸಿದೆಯೋ.

ದಿನಕ್ಕೆ ನಾಲ್ಕೈದು ಪುಟಕ್ಕಿಂತ ಜಾಸ್ತಿ ಹಾಕಿಕೊಳ್ಳಬೇಡಿ. ಊಟದ ಖರ್ಚು ಕಡಿಮೆ ಅಂದಾಜು ಮಾಡಬೇಡಿ. ಖಾನಾವಳಿಗೆ ಹಿಂದಿನ ದಿನವೇ ಹೇಳಿ ರೊಟ್ಟಿ ಊಟ ತರಿಸಿ, ಸಂಜೆ ಗಿರ್ಮಿಟ್, ಮಿರ್ಚಿ, ಚಹಾ. ಹಸಿದ ಜೋಂಬಿಗಳು ಮಧ್ಯಾಹ್ನ ಮೂರಕ್ಕೆ ಮನೆಗೆ ಹೊರಟುಬಿಡುತ್ತವೆ. ಏಪ್ರಿಲ್-ಮೇ ಬಿಸಿಲಲ್ಲಿ ಲ್ಯಾಟೆಕ್ಸ್ ಹಾಕಿದವರನ್ನು ಕಾಯಿಸಬೇಡಿ. ತಲೆ ಸುತ್ತು, ಬೆವರು ನಿಲ್ಲುವುದು, ವಾಂತಿ ಬಂದಂತಾಗುವುದು ಕಂಡರೆ ಮೇಕಪ್ ತೆಗೆದು, ನೆರಳಿಗೆ ಕರೆದು, ಮೈ ತಣ್ಣಗೆ ಮಾಡಿ, ಡಾಕ್ಟರ್ ಹತ್ತಿರ ಕರೆದೊಯ್ಯಿರಿ.

ಪ್ರತಿ ರಾತ್ರಿ ಫುಟೇಜ್ ಎರಡು ಡಿಸ್ಕಿಗೆ ಹೋಗಬೇಕು, ಎರಡೂ ಒಂದೇ ಚೀಲದಲ್ಲಿ ಇರಬಾರದು.

## ಹಂತ 10: ಎಡಿಟಿಂಗ್, ಬಿಡುಗಡೆ

ಡಾವಿಂಚಿ ರಿಸಾಲ್ವ್ ಅನ್ನುವ ಎಡಿಟಿಂಗ್ ಸಾಫ್ಟ್‌ವೇರಿನ ಉಚಿತ ಆವೃತ್ತಿ ಈ ಕೆಲಸಕ್ಕೆ ಸಾಕು. ಫೋನಿನ ವಿಡಿಯೋದಲ್ಲಿ ಧ್ವನಿ ನಿಧಾನಕ್ಕೆ ತುಟಿ ಬಿಟ್ಟು ಜಾರುತ್ತಿದ್ದರೆ ಫ್ರೇಮ್ ವೇಗ ಒಂದೇ ಸಮ ಇಲ್ಲ ಅಂತ ಅರ್ಥ. ಹ್ಯಾಂಡ್‌ಬ್ರೇಕ್ ಅನ್ನುವ ವಿಡಿಯೋ ಬದಲಿಸುವ ಸಾಫ್ಟ್‌ವೇರಿನಲ್ಲಿ ಸ್ಥಿರ 25 ಫ್ರೇಮಿಗೆ ಬದಲಿಸಿ ಆಮೇಲೆ ಜೋಡಿಸಿ. ಮೊದಲ ಜೋಡಣೆಯಲ್ಲಿ ಸಂಗೀತ ಹಾಕಬೇಡಿ. ಸಂಗೀತ ಇಲ್ಲದೆ ಭಯ ಆಗದ ದೃಶ್ಯಕ್ಕೆ ಸಂಗೀತ ಸೇರಿಸಿದರೆ ಬರೀ ಗದ್ದಲ ಆಗುತ್ತದೆ. ಜೋಂಬಿ ಶಾಟ್‌ಗಳನ್ನು ನಿಮಗೆ ಬೇಕೆನಿಸಿದ್ದಕ್ಕಿಂತ ಅರ್ಧ ಸೆಕೆಂಡ್ ಮೊದಲೇ ಕತ್ತರಿಸಿ, ಮೇಕಪ್ಪಿನ ಅಂಚು ಕಾಣುವುದು ಆ ಅರ್ಧ ಸೆಕೆಂಡಿನಲ್ಲೇ.

ಥಿಯೇಟರಿನಲ್ಲಿ ಟಿಕೆಟ್ ಇಟ್ಟು ತೋರಿಸಲು ಸೆನ್ಸಾರ್ ಸರ್ಟಿಫಿಕೇಟ್ ಬೇಕು, ಅದಕ್ಕೆ ಬೆಂಗಳೂರಿನಲ್ಲಿ ಪ್ರಾದೇಶಿಕ ಕಚೇರಿ ಇದೆ. 2023ರ ಕಾನೂನು ತಿದ್ದುಪಡಿಯ ನಂತರ ಯುಎ (ಮಕ್ಕಳು ಪಾಲಕರ ಮಾರ್ಗದರ್ಶನದಲ್ಲಿ ನೋಡಬಹುದಾದ) ವರ್ಗವನ್ನು 7, 13, 16 ವಯಸ್ಸಿನ ಪ್ರಕಾರ ಒಡೆದಿದ್ದಾರೆ. ಯೂಟ್ಯೂಬಿಗೆ ಹಾಕುವವರಿಗೆ ಸರ್ಟಿಫಿಕೇಟ್ ಬೇಕಿಲ್ಲ, ಆದರೆ ರಕ್ತ ಜಾಸ್ತಿ ಇದ್ದರೆ ವಯಸ್ಸಿನ ನಿರ್ಬಂಧ ಬೀಳಬಹುದು, ಆಗ ನೋಡುವವರು ಕಡಿಮೆ ಆಗುತ್ತಾರೆ. ಥಂಬ್‌ನೇಲಿಗೆ ಗಾಯದ ಮುಖ ಹಾಕದೆ ಕಂದೀಲಿನ ಬೆಳಕಿನಲ್ಲಿ ಕೂತ ನಾಲ್ಕು ಜನರ ಫೋಟೋ ಹಾಕಿ, ಕಾಗದ ಮತ್ತು ಮಸಿ ಪ್ಯಾಡ್ ಮಧ್ಯದಲ್ಲಿ ಕಾಣುವ ಹಾಗೆ.